ಬಚ್ಚಲ ಕಿಟಕಿ

ಫೆಬ್ರವರಿ 11, 2024, ಭಾನುವಾರ. ಸಕಲೇಶಪುರ

ಮಂಜರಾಬಾದ್ ಕೋಟೆ ದಾಟಿ ದೋಣಿಗಾಲ್ ಕಳೆದು ಜೀಪು ಮಣ್ಣುರಸ್ತೆಗೆ ಇಳಿಯುವ ಹೊತ್ತಿಗೆ ಹತ್ತು ಗಂಟೆ. ಯಜಮಾನರು ಮೊದಲೇ ಬಂದು ನಿಂತಿದ್ದರು. ಯಜಮಾನರು ಅಂದರೆ ನಲವತ್ತೆರಡರ ಹುಡುಗ. ಬೆಂಗಳೂರಿನ ಸಾಫ್ಟ್‌ವೇರ್ ದುಡ್ಡು, ತಾತನ ಕಾಲದ ಕಾಫಿ ತೋಟ. ಗುಡ್ಡದ ಮೂಗಿನ ತುದಿಗೆ ಕರೆದುಕೊಂಡು ಹೋಗಿ ಕೈ ಚಾಚಿದರು. "ಇದೇ ಸಾರ್ ವ್ಯೂ. ಮನೇನ ಇದಕ್ಕೋಸ್ಕರ ಕಟ್ಟಿ."

ಕೆಳಗೆ ಸಿಲ್ವರ್ ಓಕು, ಅದಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ಆಚೆ ಕಾಡು, ಅದರಾಚೆ ಒಂದರ ಹಿಂದೊಂದು ನೀಲಿಯಾಗುತ್ತ ಹೋಗುವ ಘಟ್ಟ. ಸ್ವಲ್ಪ ಹೊತ್ತು ನಾನೂ ಬಾಯಿ ಮುಚ್ಚಿಕೊಂಡು ನಿಂತೆ. ಆಮೇಲೆ ಜೇಬಿನಿಂದ ದಿಕ್ಸೂಚಿ ತೆಗೆದೆ. ನೇರ ಪಡುವಣ. ಸಂಜೆ ಬಿಸಿಲು ಮುಖಕ್ಕೆ ಹೊಡೆಯುವುದು ಅಲ್ಲಿಂದ. ಮುಂಗಾರು ಬರುವುದೂ ಅಲ್ಲಿಂದಲೇ.

ಅವರ ಪಟ್ಟಿ ಸಿದ್ಧವಾಗಿತ್ತು. ಇಪ್ಪತ್ತೆಂಟಡಿ ಅಗಲ, ಹದಿನಾಲ್ಕಡಿ ಎತ್ತರದ ಗಾಜು, ಚೌಕಟ್ಟು ಕಣ್ಣಿಗೆ ಬೀಳಬಾರದು. ಸರಿಸಿದರೆ ಹಾಲು ಲಾನಿಗೆ ಸೇರಬೇಕು, ಲಾನು ಇನ್ಫಿನಿಟಿ ಪೂಲಿಗೆ, ಪೂಲಿನ ನೀರು ಆಕಾಶಕ್ಕೆ. ಹೊಸ್ತಿಲು ಬೇಡವೇ ಬೇಡ. ಫೋನಿನಲ್ಲಿ ಕೇಪ್‌ಟೌನಿನ ಒಂದು ಮನೆ ತೋರಿಸಿದರು. ಚೆನ್ನಾಗಿತ್ತು, ಇಲ್ಲ ಅನ್ನಲಾರೆ. ಆದರೆ ಅಲ್ಲಿ ವರ್ಷವಿಡೀ ಬೀಳುವ ಮಳೆ ಈ ಘಟ್ಟದ ಅಂಚಿನಲ್ಲಿ ಜುಲೈನ ಒಂದು ಕೆಟ್ಟ ವಾರಕ್ಕೆ ಬಿದ್ದು ಮುಗಿಯುತ್ತದೆ.

ಹೊರಡುವಾಗ ಇನ್ನೊಂದು ಮಾತು. ಎಡಗಡೆ ಇಳಿಜಾರಿನಲ್ಲಿ ತೋಟದ ಆಳುಗಳ ಹನ್ನೊಂದು ಲೈನ್ ಮನೆಗಳಿವೆ. ತಗಡಿನ ಮಾಡು, ಹಗ್ಗದ ಮೇಲೆ ಬಟ್ಟೆ, ನೀಲಿ ಡ್ರಮ್ಮು. "ಅವನ್ನ ಶಿಫ್ಟ್ ಮಾಡಿಸ್ತೀನಿ ಸಾರ್, ಫ್ರೇಮಲ್ಲಿ ಬರ್ತವೆ."

ಫೆಬ್ರವರಿ 12, ಸೋಮವಾರ

ರಾತ್ರಿ ತಾತನ ಕಾಲದ ಬಂಗಲೆಯಲ್ಲೇ ಉಳಿದೆ. ಕೆಂಪು ಗಾರೆಯ ನೆಲ, ಹಲಸಿನ ಕಂಬ, ಉದ್ದ ಜಗಲಿ. ವಿಚಿತ್ರವೆಂದರೆ ಜಗಲಿ ಪೂರ್ವಕ್ಕೆ ಮುಖ ಮಾಡಿದೆ. ಅಂಗಳ, ಕಾಫಿ ಕಣ, ದನದ ಕೊಟ್ಟಿಗೆ ಎಲ್ಲ ಆ ಕಡೆಗೇ. ಇಷ್ಟು ದೊಡ್ಡ ಕಣಿವೆಗೆ ಮನೆ ಬೆನ್ನು ತಿರುಗಿಸಿ ಕೂತಿದೆ. ಪಡುವಣದ ಗೋಡೆ ಎರಡಡಿ ದಪ್ಪ, ಹೆಚ್ಚುಕಡಿಮೆ ಕುರುಡು.

ಬೆಳಿಗ್ಗೆ ಸ್ನಾನಕ್ಕೆ ಹೋದಾಗ ಗೊತ್ತಾಯಿತು, ಪೂರ್ತಿ ಕುರುಡಲ್ಲ. ಬಚ್ಚಲಲ್ಲಿ ತಾಮ್ರದ ಹಂಡೆಯ ಪಕ್ಕ, ಹೊಗೆ ಹೋಗಲೆಂದು ಬಿಟ್ಟ ಒಂದಡಿ ಚೌಕದ ಕಿಂಡಿ. ಅಂಚು ಮಸಿಯಿಂದ ಕಪ್ಪು. ಚೊಂಬು ಹಿಡಿದು ಬಗ್ಗಿದೆ. ಇಡೀ ಕಣಿವೆ ಅದರೊಳಗಿತ್ತು! ಹಬೆ ಒಮ್ಮೆ ಮುಚ್ಚುತ್ತಿತ್ತು, ಒಮ್ಮೆ ಬಿಡುತ್ತಿತ್ತು. ನೀರು ಆರುವವರೆಗೂ ಅಲ್ಲೇ ನಿಂತಿದ್ದೆ. ನಿನ್ನೆ ಗುಡ್ಡದ ತುದಿಯಲ್ಲಿ ಅರ್ಧ ಗಂಟೆ ನೋಡಿದ್ದಕ್ಕಿಂತ ಹೆಚ್ಚು ಈ ಕಿಂಡಿಯಲ್ಲಿ ನೋಡಿದೆ.

ಮಾರ್ಚ್ 24, ಭಾನುವಾರ. ಬೆಂಗಳೂರು

ಗಾಜಿನ ಮನೆ ನಾನು ಕಟ್ಟಿಸದವನಲ್ಲ. ಎಂಟು ವರ್ಷದ ಹಿಂದೆ ಚಿಕ್ಕಮಗಳೂರಿನ ಗುಡ್ಡದಲ್ಲಿ ಒಂದು ಕಟ್ಟಿಸಿದೆ. ಪತ್ರಿಕೆಯಲ್ಲಿ ಫೋಟೋ ಬಂತು. ಫೋಟೋ ತೆಗೆದದ್ದು ಡಿಸೆಂಬರಿನಲ್ಲಿ. ಮುಂದಿನ ಜುಲೈನಲ್ಲಿ ಹೋದರೆ ಸ್ಲೈಡಿಂಗ್ ಬಾಗಿಲಿನ ಹಳಿಯುದ್ದಕ್ಕೂ ಟವೆಲು ತುರುಕಿದ್ದರು. ಹಳಿಯಲ್ಲಿ ನಿಂತ ನೀರು ಗಾಳಿ ಒತ್ತಿದಾಗಲೆಲ್ಲ ಬುಳುಕ್ ಅಂತ ಒಳಗೆ ಚಿಮ್ಮುತ್ತಿತ್ತು. ಏಪ್ರಿಲಿನಲ್ಲಿ ಸಂಜೆ ನಾಲ್ಕಕ್ಕೆ ಪರದೆ ಎಳೆದು ಏಸಿ ಹಾಕುತ್ತಾರಂತೆ. ರಾತ್ರಿ ದೀಪ ಹಚ್ಚಿದರೆ ಗಾಜು ಕಪ್ಪು ಕನ್ನಡಿ. ಹೊರಗಿನದೇನೂ ಕಾಣದು, ಸೋಫಾದ ಮೇಲೆ ಕೂತ ತಮ್ಮನ್ನೇ ತಾವು ನೋಡಿಕೊಳ್ಳಬೇಕು. ಮೊದಲ ಮಳೆಯ ರಾತ್ರಿ ಆ ಬೆಳಕಿಗೆ ಮುತ್ತುವ ಮಳೆಹುಳದ ಮಾತೇ ಬೇಡ. ಮನೆಯಾಕೆ ಒಂದು ಪೇಪರಿನ ಪೊಟ್ಟಣ ಬಿಚ್ಚಿ ತೋರಿಸಿದರು: ಹಸಿರು ರೆಕ್ಕೆಯ ಒಂದು ಕಾಡು ಪಾರಿವಾಳ, ಕತ್ತು ಮುರಿದಿತ್ತು. ಗಾಜಿನಲ್ಲಿ ಕಂಡ ಕಾಡನ್ನು ಕಾಡೆಂದೇ ನಂಬಿ ಹಾರಿ ಬಂದದ್ದು. "ಇದು ಮೂರನೇದು" ಅಂದರು. ಅದರಲ್ಲಿ ದೂರಿನ ದನಿಯೇ ಇರಲಿಲ್ಲ, ಅದಕ್ಕೇ ಇನ್ನೂ ಮರೆತಿಲ್ಲ.

ನಮಗೆ ಕಾಲೇಜಿನಲ್ಲಿ ಪಾಠವಾಗಿದ್ದ ಮೀಸ್ ವಾನ್ ಡರ್ ರೋಹೆಯ ಫಾರ್ನ್ಸ್‌ವರ್ತ್ ಮನೆಯ ಕಥೆಯೂ ಬೇರೆಯಲ್ಲ. ಇಲಿನಾಯ್ ರಾಜ್ಯದ ಫಾಕ್ಸ್ ನದಿಯ ದಡದಲ್ಲಿ 1951ರಲ್ಲಿ ಮುಗಿದ ಮನೆ, ನಾಲ್ಕೂ ಕಡೆ ಗಾಜು. ಕಟ್ಟಿಸಿದ ಡಾಕ್ಟರಮ್ಮನೂ ವಾಸ್ತುಶಿಲ್ಪಿಯೂ ಕೋರ್ಟಿಗೆ ಹೋದರು. ನೆರೆಗೆ ಹೆದರಿ ನೆಲದಿಂದ ಐದಡಿ ಎತ್ತರಕ್ಕೆ ಕಟ್ಟಿದ್ದರೂ 1954ರಲ್ಲೇ ನದಿ ಒಳಗೆ ಬಂತು. 1996ರ ನೆರೆ ಗಾಜನ್ನೂ ಒಡೆದುಹಾಕಿತು. ಪರೀಕ್ಷೆಯಲ್ಲಿ ಆ ಮನೆಯ ನಕ್ಷೆ ಬರೆದು ಒಳ್ಳೆಯ ಅಂಕ ತೆಗೆದುಕೊಂಡವನು ನಾನು. ನದಿಯ ವಿಷಯ ಯಾರೂ ಕೇಳಲಿಲ್ಲ.

ಏಪ್ರಿಲ್ 14, ಭಾನುವಾರ. ತೋಟ

ಹೂಮಳೆ ಈ ತೋಟಕ್ಕೆ ಕೈಕೊಟ್ಟಿತಂತೆ. ಸ್ಪ್ರಿಂಕ್ಲರ್ ಹಾಕಿ ರೋಬಸ್ಟಾ ಅರಳಿಸಿಕೊಂಡಿದ್ದಾರೆ. ಹೂವು ಉದುರಿ ಆಗಿದೆ.

ಯಜಮಾನರಿಗೆ ಬಾವಾನ ಕಥೆ ಹೇಳಿದೆ. ಶ್ರೀಲಂಕಾದ ವಾಸ್ತುಶಿಲ್ಪಿ ಜೆಫ್ರಿ ಬಾವಾ 1948ರಲ್ಲಿ ಬೆಂಟೋಟದ ಹತ್ತಿರ ಕೆರೆ ದಂಡೆಯ ಒಂದು ರಬ್ಬರ್ ತೋಟ ಕೊಂಡು, ಸಾಯುವವರೆಗೆ, ಅಂದರೆ 2003ರವರೆಗೆ, ಅದನ್ನು ತಿದ್ದುತ್ತಲೇ ಇದ್ದ. ಲುನುಗಂಗ. ನಾನು ಹೋಗಿದ್ದೇನೆ. ಮನೆಯ ದಕ್ಷಿಣಕ್ಕೆ ಒಂದು ಹುಲ್ಲುಗುಡ್ಡ, ಅದರ ನೆತ್ತಿಯಲ್ಲಿ ಮರದ ಕೆಳಗೆ ಒಂದು ದೊಡ್ಡ ಜಾಡಿ. ಕಣ್ಣು ಮೊದಲು ಜಾಡಿಗೆ ಹೋಗಿ ಅಲ್ಲಿ ಕಾಲೂರಿ, ಆಮೇಲೆ ಎಲ್ಲೋ ದೂರದ ಬಿಳಿ ಸ್ತೂಪಕ್ಕೆ ಹಾರುತ್ತದೆ. ಜಾಡಿ ಇಲ್ಲದಿದ್ದರೆ ಸ್ತೂಪ ಕಾಣುತ್ತಲೇ ಇರಲಿಲ್ಲ, ಅಲ್ಲೇ ಇದ್ದರೂ. ಅವನೇ ಕಟ್ಟಿದ ಕಂಡಲಮ ಹೋಟೆಲಿನಲ್ಲೂ ಹಾಗೆಯೇ. ಸಿಗಿರಿಯ ಬಂಡೆಯ ಬುಡದಲ್ಲೇ ಜಾಗ ಕೊಡುತ್ತೇವೆ ಅಂದರೆ, ಬೇಡ, ದೂರ ಹೋಗೋಣ, ಅಲ್ಲಿಂದ ಬಂಡೆ ಕಾಣಲಿ ಅಂದನಂತೆ. ಗುಹೆಯಂಥ ಉದ್ದ ದಾರಿಯಲ್ಲಿ ನಡೆಸಿ, ತಿರುಗಿಸಿ, ಆಮೇಲೆ ಕೆರೆ ತೋರಿಸುತ್ತಾನೆ.

"ಅಂದ್ರೆ ವ್ಯೂ ಅಡಗಿಸಬೇಕು ಅಂತೀರಾ?"

ಅಡಗಿಸುವುದಲ್ಲ, ದಾರಿ ಕಾಯಿಸುವುದು ಅಂದೆ. ನಂಬಿದ ಹಾಗೆ ಕಾಣಲಿಲ್ಲ. ಅಮೆರಿಕದ ವಾಸ್ತುಶಿಲ್ಪಿ ರೈಟ್‌ನ ಜಲಪಾತದ ಮನೆಯನ್ನೂ ಎಳೆದು ತಂದೆ: ಕಾಫ್‌ಮನ್ ಸಂಸಾರ ಜಲಪಾತ ಎದುರಿಗೆ ಕಾಣುವ ಮನೆ ಬಯಸಿತ್ತು, ಆತ ಮನೆಯನ್ನು ಜಲಪಾತದ ನೆತ್ತಿಗೇ ಕೂರಿಸಿದ, ಒಳಗೆ ಕೂತವರಿಗೆ ನೀರಿನ ಸದ್ದು ಕೇಳುತ್ತದೆ, ಬೀಳುವ ನೀರು ಕಾಣುವುದಿಲ್ಲ. ಇದು ಕೇಳಿ ಅವರಿಗೆ ಇನ್ನಷ್ಟು ಭಯವಾಯಿತು ಅಂತ ಕಾಣುತ್ತದೆ. ಉದಾಹರಣೆ ಜಾಸ್ತಿಯಾದರೆ ಗಿರಾಕಿ ಕೈತಪ್ಪುತ್ತಾನೆ.

ಕೊನೆಗೆ ಮಾತು ಬಿಟ್ಟು ಪೆನ್ಸಿಲು ಹಿಡಿದೆ. ಕಣಿವೆ ಇರುವುದು ನಮ್ಮ ಕಾಲಿನ ಮಟ್ಟಕ್ಕಿಂತ ಕೆಳಗೆ. ಕುರ್ಚಿಯಲ್ಲಿ ಕೂತವನ ಕಣ್ಣು ನೆಲದಿಂದ ಹತ್ತಿರ ಹತ್ತಿರ ನಾಲ್ಕಡಿ. ಹದಿನಾಲ್ಕಡಿ ಗಾಜಿನ ಮೇಲರ್ಧ ತೋರಿಸುವುದು ಬರೀ ಆಕಾಶ, ಅದೂ ಕಣ್ಣು ಕುಕ್ಕುವ ಆಕಾಶ. ಹಾಲಿನ ಮಾಡನ್ನೇ ಹೊರಗೆ ಇಳಿಸಿ ಹನ್ನೆರಡಡಿ ಜಗಲಿ ಮಾಡಿ, ಸೂರಿನ ಅಂಚು ಏಳಡಿಗೆ ನಿಲ್ಲಿಸಿದರೆ ಕಣಿವೆಯಲ್ಲಿ ಒಂದು ಎಲೆಯೂ ಕಳೆಯುವುದಿಲ್ಲ. ಬಿಸಿಲು 30 ಡಿಗ್ರಿಗೆ ಇಳಿಯುವವರೆಗೆ, ಅಂದರೆ ಮಾರ್ಚಿನಲ್ಲಿ ನಾಲ್ಕೂವರೆವರೆಗೆ, ಗಾಜನ್ನು ಮುಟ್ಟುವುದಿಲ್ಲ. ಮಳೆ 45 ಡಿಗ್ರಿಯಲ್ಲಿ ಎರಚಿದರೆ ಏಳಡಿ ಒಳಗೆ ಬರುತ್ತದೆ; ಉಳಿದ ಐದಡಿ ಒಣ. ಎರಡು ಕುರ್ಚಿ, ಒಂದು ಟೀಪಾಯಿ ಹಿಡಿಸುತ್ತದೆ.

ಅವರು ಕಾಗದ ತಿರುಗಿಸಿ ನೋಡಿದರು. "ಏಳಡಿ ಅಂದ್ರೆ ಲೈನ್ ಮನೆ ಥರ ಆಗಲ್ವಾ?"

ಜೂನ್ 22, ಶನಿವಾರ. ತೋಟ

ಆರಿದ್ರಾ ಮಳೆ ಹಿಡಿದಿದೆ. ಗುಡ್ಡದ ತುದಿಯಲ್ಲಿ ಬಿದಿರು ನೆಟ್ಟು ಟಾರ್ಪಾಲು ಕಟ್ಟಿಸಿ ಸುಳ್ಳು ಜಗಲಿ ಮಾಡಿಸಿದ್ದೆ, ಅಳತೆ ಸರಿಯಾಗಿ. ಯಜಮಾನರು, ನಾನು, ತೋಟದ ರೈಟರು ಮೂವರೂ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತೆವು. ಕಣಿವೆ ಇರಲಿಲ್ಲ. ಬರೀ ಬಿಳಿ. ಒಂದು ಗಂಟೆ ಕೂತ ಮೇಲೆ ಮಂಜು ಒಂದು ಕಡೆ ಹರಿದು, ಮರದ ತಲೆಗಳು ಒಂದೊಂದಾಗಿ ಎದ್ದು, ಮತ್ತೆ ಮುಳುಗಿದವು. ಎರಚಲು ಏಳಡಿಯಲ್ಲ, ಎಂಟೂವರೆ ಅಡಿ ಬಂತು. ನನ್ನ ಲೆಕ್ಕಕ್ಕಿಂತ ಗಾಳಿ ಜೋರು.

ಲೈನ್ ಮನೆಯ ಅಜ್ಜಿಯೊಬ್ಬರು ಕಂಬಳಿಕೊಪ್ಪೆ ಹಾಕಿಕೊಂಡು ಹೋಗುತ್ತಿದ್ದವರು ನಿಂತು ನಮ್ಮನ್ನು ನೋಡಿದರು. ಅವರ ಮನೆಗೆ ಪಡುವಣದಲ್ಲಿ ಕಿಟಕಿಯೇ ಇಲ್ಲ, ಮಳೆಗಾಲಕ್ಕೆ ಮುಂಚೆ ಆ ಗೋಡೆಗೆ ಸೋಗೆ ತಟ್ಟಿ ಬೇರೆ ಕಟ್ಟುತ್ತಾರೆ. ಕೇಳಿದ್ದಕ್ಕೆ, "ಮಳೆ ಬರೋ ಕಡೆ ಕಿಟಕಿ ಯಾರು ಇಡ್ತಾರೆ ಸ್ವಾಮಿ" ಅಂದರು. ಯಜಮಾನರು ನಕ್ಕರು. ಆದರೆ ಬೆಂಗಳೂರಿಗೆ ಬರುವಾಗ ಕಾರಿನಲ್ಲಿ ತಾವಾಗಿಯೇ ಕೇಳಿದರು: ಸೋಗೆ ತಟ್ಟಿಯ ಹಾಗೆ ಮಳೆಗಾಲಕ್ಕೆ ಮಾತ್ರ ಇಳಿಬಿಡುವಂಥದ್ದು ಏನಾದರೂ ಜಗಲಿಯ ಅಂಚಿಗೆ ಮಾಡಬಹುದಾ? ಬಿದಿರಿನ ತಟ್ಟಿ ಮಾಡಬಹುದು. ಇದು ಅವರದೇ ಐಡಿಯಾ, ನಕ್ಷೆಯಲ್ಲಿ ಹಾಗೆಯೇ ಬರೆಯುತ್ತೇನೆ.

ಜುಲೈ 31, ಬುಧವಾರ. ಬೆಂಗಳೂರು

ನಿನ್ನೆ ಬೆಳಗಿನ ಜಾವ ವಯನಾಡಿನ ಮುಂಡಕ್ಕೈ, ಚೂರಲ್‌ಮಲ ಕೊಚ್ಚಿಹೋದವು. ಟೀವಿ ನೋಡಲಾಗದೆ ಆರಿಸಿದೆ. ನಮ್ಮ ಕಡೆಯೂ ದೊಡ್ಡತಪ್ಪಲೆಯಲ್ಲಿ ಶಿರಾಡಿ ರಸ್ತೆಯ ಮೇಲೆ ಗುಡ್ಡ ಜಾರಿದೆ. ಎಡಕುಮೇರಿ ಹತ್ತಿರ 26ರಂದೇ ರೈಲು ಹಳಿಯ ಕೆಳಗಿನ ಮಣ್ಣು ಹೋಗಿ ರೈಲು ನಿಂತಿದೆ.

ರಾತ್ರಿ ಹತ್ತಕ್ಕೆ ಯಜಮಾನರ ಫೋನು. ತೋಟ ಕ್ಷೇಮ. ಸುಮ್ಮನಿದ್ದು, "ನಮ್ಮ ಲಾನಿಗೆ ಎಷ್ಟು ಅಡಿ ಕಟಿಂಗ್ ಅಂದಿದ್ರಿ?" ಹದಿನೆಂಟು ಅಂದೆ. ಅವರು ಕೇಳಿದಷ್ಟು ಸಮತಟ್ಟು ಲಾನು ಬೇಕಾದರೆ ಇಳಿಜಾರಿನ ಬುಡ ಹದಿನೆಂಟಡಿ ನೆಟ್ಟಗೆ ಕಡಿಯಬೇಕು, ಕಡಿದ ಮಣ್ಣನ್ನು ಮುಂದೆ ತುಂಬಬೇಕು, ತುಂಬಿದ ಮಣ್ಣಿನ ತುದಿಗೆ ಪೂಲು. ಒಂದು ಘನ ಮೀಟರ್ ನೀರು ಒಂದು ಟನ್ನು. ಹಾಗೆ ಕಡಿದ ಗುಡ್ಡ ಬೇಸಿಗೆಯಲ್ಲಿ ಗೋಡೆಯ ಹಾಗೆ ನಿಂತಿರುತ್ತದೆ. ಪುಷ್ಯ ಮಳೆ ಹತ್ತು ದಿನ ಬಿಡದೆ ಕುಡಿಸಿದರೆ ಒಳಗಿನ ನೀರು ಹೊರಬರಲು ದಾರಿ ಹುಡುಕುತ್ತದೆ. ಈ ಎರಡನೇ ಮಾತು ಫೆಬ್ರವರಿಯಲ್ಲೇ ಖಡಾಖಂಡಿತ ಹೇಳಬೇಕಿತ್ತು. ರಿಟೇನಿಂಗ್ ವಾಲ್ ಹಾಕಿದರೆ ನಡೆಯುತ್ತದೆ, ನೋಡೋಣ ಅಂದಿದ್ದೆ. ದೊಡ್ಡ ಕೆಲಸ ಕೈಬಿಟ್ಟುಹೋಗಬಾರದೆಂಬ ಆಸೆ, ಇನ್ನೇನು.

ಆಗಸ್ಟ್ 18, ಭಾನುವಾರ. ತೋಟ

ಕಡಿಯಬೇಕೆಂದಿದ್ದ ಜಾಗದಲ್ಲಿ ಹುಲ್ಲಿನ ಅಡಿಯಿಂದ ಮೂರು ಕಡೆ ನೀರು ಜಿನುಗುತ್ತಿದೆ. ಫೆಬ್ರವರಿಯಲ್ಲಿ ಅಲ್ಲಿ ಧೂಳಿತ್ತು.

ಹೊಸ ನಕ್ಷೆ: ಮನೆ ಒಂದೇ ಮಟ್ಟದಲ್ಲಿಲ್ಲ. ಗುಡ್ಡ ಇಳಿದ ಹಾಗೆ ಮೂರು ಮಜಲು, ಮಜಲಿಗೆ ನಾಲ್ಕಡಿ. ಕಾರು ನಿಲ್ಲುವುದು ಮೇಲೆ, ಪೂರ್ವದಲ್ಲಿ. ಅಲ್ಲಿಂದ ಕಣಿವೆ ಕಾಣುವುದಿಲ್ಲ. ತಗ್ಗಿನ ಬಾಗಿಲು, ಸಣ್ಣ ತೊಟ್ಟಿ, ಅಡುಗೆಮನೆಯ ಪಕ್ಕದ ಓಣಿ, ಮೆಟ್ಟಿಲು, ಆಮೇಲೆ ಹಾಲು, ಜಗಲಿ. ಲಾನಿಲ್ಲ, ಕಾಫಿ ಗಿಡ ಜಗಲಿಯ ಕಟ್ಟೆಯವರೆಗೂ ಬರಲಿ. ಈಜುಕೊಳ ಹಿಂದೆ, ಗಟ್ಟಿ ನೆಲದಲ್ಲಿ. ಹೊಸ್ತಿಲು ಒಂದೂವರೆ ಇಂಚು ಉಳಿಸಿಕೊಂಡೆ. ಅದಕ್ಕೊಂದು ಸಣ್ಣ ಜಗಳ ಆಯಿತು, ಗೆದ್ದೆ.

ಅಕ್ಟೋಬರ್ 20, ಭಾನುವಾರ

ಲೈನ್ ಮನೆಗಳ ವಿಷಯದಲ್ಲಿ ಸೋತೆ. ಎಬ್ಬಿಸುವುದಿಲ್ಲ ಅಂತ ಒಪ್ಪಿದರು, ಮಾಡಿಗೆ ಹೊಸ ಹೆಂಚು ಹಾಕಿಸುತ್ತೇನೆ ಅಂದರು, ಅಷ್ಟರಮಟ್ಟಿಗೆ ಒಳ್ಳೆಯದೇ. ಆದರೆ ನಡುವೆ ಬಿದಿರಿನ ಸಾಲು ನೆಡಿಸುತ್ತಾರಂತೆ, ಕಾಣಬಾರದು. ಬಾವಾ ಕೂಡ ತನ್ನ ತೋಟದ ನಡುವೆ ಹಾಯುವ ಊರ ರಸ್ತೆಯನ್ನು ತಗ್ಗಿನಲ್ಲಿ ಮರೆಮಾಡಿದ್ದಾನೆ ಅಂತ ನನಗೇ ತಿರುಗಿಸಿ ಹೇಳಿದರು, ಯೂಟ್ಯೂಬಿನಲ್ಲಿ ನೋಡಿದರಂತೆ. ಉತ್ತರ ಹೊಳೆಯಲಿಲ್ಲ. ರಸ್ತೆ ಬೇರೆ, ಜನ ಬೇರೆ ಅನ್ನಬಹುದಿತ್ತು. ಹೊಳೆದದ್ದು ಚನ್ನರಾಯಪಟ್ಟಣ ದಾಟಿದ ಮೇಲೆ. ಬಿದಿರು ಬಂದರೆ ಆ ಮನೆಗಳ ಅಂಗಳಕ್ಕೆ ಬೆಳಗಿನ ಬಿಸಿಲು ತಡವಾಗಿ ಬೀಳುತ್ತದೆ, ಅವರು ಬಟ್ಟೆ ಒಣಗಿಸುವುದು ಅಲ್ಲೇ. ಫೋನು ಮಾಡಿ ಸಾಲನ್ನು ಹತ್ತು ಗಜ ಮೇಲಕ್ಕೆ ಸರಿಸಲು ಕೇಳಬೇಕು.

ಡಿಸೆಂಬರ್ 21, ಶನಿವಾರ. ತೋಟ

ವರ್ಷದ ಅತಿ ಗಿಡ್ಡ ಹಗಲು. ಸೂರ್ಯ ಎಲ್ಲಿ ಮುಳುಗುತ್ತಾನೆ ಅಂತ ಗೂಟ ಹೊಡೆಯಲೆಂದೇ ಬಂದೆ. ಈ ಅಕ್ಷಾಂಶದಲ್ಲಿ ನೇರ ಪಡುವಣದಿಂದ 24 ಡಿಗ್ರಿ ದಕ್ಷಿಣಕ್ಕೆ ಮುಳುಗಬೇಕು, ಜೂನಿನಲ್ಲಿ ಅಷ್ಟೇ ಉತ್ತರಕ್ಕೆ. ಆರು ದಾಟಿ ಐದಾರು ನಿಮಿಷಕ್ಕೆ ಮುಳುಗಿದ. ರೈಟರು ಗೂಟ ಹೊಡೆದರು. ಜಗಲಿಯ ದಕ್ಷಿಣದ ಕಂಬ ಅಲ್ಲಿಂದ ಒಂದಡಿ ಈಚೆ ಬರುತ್ತದೆ.

ಯಜಮಾನರ ಮಗಳು, ಏಳು ವರ್ಷ, ಹಳೆ ಬಂಗಲೆಯ ಬಚ್ಚಲಲ್ಲಿ ಸ್ಟೂಲು ಹಾಕಿಕೊಂಡು ಕಿಂಡಿಯಲ್ಲಿ ನೋಡುತ್ತಿತ್ತು. ಹೊಸ ಮನೆಯಲ್ಲೂ ಇಂಥದೊಂದು ಬೇಕು ಅಂತ ಅಪ್ಪನಿಗೆ ಹೇಳಿದೆಯಂತೆ. ಮಕ್ಕಳ ಬಚ್ಚಲಿಗೆ ಒಂದಡಿ ಚೌಕ, ನೆಲದಿಂದ ಮೂರಡಿ ಎತ್ತರದಲ್ಲಿ ಗುರುತು ಹಾಕಿದ್ದೇನೆ.

ಗಾಜಿನವರಿಗೆ ಹೊಸ ಅಳತೆ ಕಳಿಸಿದೆ: ನಾಲ್ಕು ಬಾಗಿಲು, ಒಂದೊಂದು ನಾಲ್ಕಡಿ ಅಗಲ, ಎಂಟಡಿ ಎತ್ತರ. ಬಿದಿರಿನ ವಿಷಯಕ್ಕೆ ಇನ್ನೂ ಉತ್ತರ ಬಂದಿಲ್ಲ. ಈಗ ಧನುರ್ಮಾಸ; ಗುದ್ದಲಿ ಪೂಜೆ ಸಂಕ್ರಾಂತಿ ಕಳೆದ ಮೇಲೆ.