ಎರಡನೆಯ ಚೌಕ

ಪುಣೆಯ ಶಿವಾಜಿನಗರದಿಂದ ಡೆಕ್ಕನ್ ಕಡೆಗೆ ನಡೆದು ಹೋಗುವವರಿಗೆ ದಾರಿಯ ಕಟ್ಟಡಗಳ ಮೇಲಿನ ಮಹಡಿಗಳಲ್ಲಿ ಒಂದೇ ಬಗೆಯ ಫಲಕಗಳು ಕಾಣಿಸುತ್ತವೆ: ಆಟೋಕ್ಯಾಡ್, ಸಾಲಿಡ್‌ವರ್ಕ್ಸ್, ಕ್ಯಾಟಿಯಾ, ಕ್ರಿಯೋ, ಎನ್‌ಎಕ್ಸ್. ಹೈದರಾಬಾದಿನ ಅಮೀರಪೇಟೆಯಲ್ಲಿರುವ ನಮ್ಮ ಗೆಳೆಯರೂ ಇಂಥವೇ ಫಲಕಗಳ ಮಾತನ್ನು ಆಡುತ್ತಾರೆ. ಇಂಜಿನಿಯರಿಂಗ್ ಪರೀಕ್ಷೆಗಳು ಮುಗಿಯುವ ಕಾಲಕ್ಕೆ ಊರಿನ ಬಂಧುಗಳಿಂದ, ಬಂಧುಗಳ ಪರಿಚಯದವರಿಂದ ನಮಗೆ ಫೋನು ಬರತೊಡಗುತ್ತದೆ. "ಹುಡುಗ ಮೆಕ್ಯಾನಿಕಲ್ ಮುಗಿಸಿದ್ದಾನೆ. ಪುಣೆಯಲ್ಲಿ ಯಾವ ಕೋರ್ಸ್ ಮಾಡಿಸಿದರೆ ಕೆಲಸ ಸಿಕ್ಕೀತು?" ಪ್ರಶ್ನೆ ಸರಳವಾದುದು. ಆದರೂ ನಾವು ಕೂಡಲೇ ಉತ್ತರಿಸುವುದಿಲ್ಲ. ಯಾಕೆಂಬುದನ್ನು ಹೇಳುವುದಕ್ಕೆ ಕೆಲವು ವರ್ಷ ಹಿಂದಕ್ಕೆ ಹೋಗಬೇಕು.

ನಾವು ನಾಲ್ವರು ಕನ್ನಡಿಗರು ಭೋಸರಿಯ ಕೈಗಾರಿಕಾ ಪ್ರದೇಶದ ಒಂದು ಸಣ್ಣ ಕಾರ್ಖಾನೆಯ ಡ್ರಾಯಿಂಗ್ ಆಫೀಸಿನಲ್ಲಿ ಒಟ್ಟಿಗೆ ಕೆಲಸ ಮಾಡಿದವರು. ಯಂತ್ರದ ಮೇಲೆ ಕೆಲಸ ನಡೆಯುವಾಗ ಬಿಡಿಭಾಗವನ್ನು ಅಲುಗದಂತೆ ಹಿಡಿದಿಡುವ ಸಾಧನಗಳಿಗೆ ಫಿಕ್ಸ್ಚರ್ ಎನ್ನುತ್ತಾರೆ. ಅವುಗಳ ವಿನ್ಯಾಸವೇ ನಮ್ಮ ಕಸುಬು. ಆಗ ನಮ್ಮ ಆಯುಧಗಳೆಂದರೆ ಡ್ರಾಫ್ಟರ್, 2ಎಚ್ ಪೆನ್ಸಿಲು, ಮಸಿ ಪೆನ್ನು ಮತ್ತು ಅರ್ಧ ಬ್ಲೇಡು. 841ಕ್ಕೆ 1189 ಮಿಲಿಮೀಟರಿನ ಎ0 ಹಾಳೆಯ ಮೇಲೆ ಬಾಗಿ ನಿಂತು ಗೆರೆ ಎಳೆಯಬೇಕಿತ್ತು. ಟ್ರೇಸಿಂಗ್ ಹಾಳೆಯ ಮೇಲೆ ಮಸಿ ತಪ್ಪಿ ಬಿದ್ದರೆ ಬ್ಲೇಡಿನಿಂದ ಹಾಳೆ ಹರಿಯದಂತೆ ಕೆರೆದು ತೆಗೆಯಬೇಕಿತ್ತು. ತಪ್ಪಿನ ಬೆಲೆ ಕೈಗೂ ಕಣ್ಣಿಗೂ ಗೊತ್ತಾಗುತ್ತಿದ್ದುದರಿಂದ ಗೆರೆ ಎಳೆಯುವ ಮೊದಲು ಯೋಚಿಸುವ ಅಭ್ಯಾಸ ತಾನಾಗಿ ಬಂದಿತ್ತು.

ಪ್ರತಿ ಹಾಳೆಯ ಕೆಳಗೆ, ಬಲಮೂಲೆಯಲ್ಲಿ, ಮೂರು ಚೌಕಗಳಿರುತ್ತಿದ್ದವು. ಬರೆದವರು, ಪರಿಶೀಲಿಸಿದವರು, ಅನುಮೋದಿಸಿದವರು. ಎರಡನೆಯ ಚೌಕದಲ್ಲಿ ಸಹಿ ಹಾಕುತ್ತಿದ್ದವರು ನಮ್ಮ ಆಫೀಸಿನ ಹಿರಿಯರು, ಹಾವೇರಿ ಕಡೆಯವರು. ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲ. ಲೇತಿನ ಮುಂದೆ ಎಂಟು ವರ್ಷ ನಿಂತು, ಆಮೇಲೆ ಹಲಗೆಯ ಮುಂದೆ ಕೂತವರು. ಅವರ ಮೇಜಿನ ಮೇಲೆ ಎರಡು ಬಣ್ಣದ ಪೆನ್ಸಿಲುಗಳಿದ್ದವು. ಸರಿಯಾದ ಪ್ರತಿ ಅಳತೆಯ ಮೇಲೆ ಹಳದಿ ಎಳೆಯುತ್ತಿದ್ದರು, ತಪ್ಪಿದಲ್ಲಿ ಕೆಂಪು. ಕೆಂಪು ಹಾಕಿದ ಮೇಲೆ ಬೈಯುತ್ತಿರಲಿಲ್ಲ, ಕೇಳುತ್ತಿದ್ದರು: "ಈ ತೂತು ಕೊರಿಯಾಂವ ಡ್ರಿಲ್ಲು ಎಲ್ಲಿಂದ ಇಳಸ್ತಾನ?" ನಾವು ಆ ಪ್ರಶ್ನೆಗೆ ಉತ್ತರ ಹುಡುಕುತ್ತ ಕಸುಬು ಕಲಿತೆವು. ಅದನ್ನು ಯಾರೂ ತರಬೇತಿ ಎಂದು ಕರೆಯಲಿಲ್ಲ.

1999ರಲ್ಲಿ ಮಾಲೀಕರು ಎರಡು ಕಂಪ್ಯೂಟರ್ ತರಿಸಿದರು. ನಮ್ಮನ್ನೆಲ್ಲ ಒಂದು ಸಂಜೆಯ ತರಗತಿಗೆ ಕಳಿಸಿದರು. ಆಟೋಕ್ಯಾಡ್ ಎಂಬ ತಂತ್ರಾಂಶ ಅಮೆರಿಕದಲ್ಲಿ ಮೊದಲು ಬಿಡುಗಡೆಯಾದದ್ದು 1982ರಲ್ಲಿ. ನಮ್ಮ ಮೇಜಿಗೆ ಅದು ಬಂದು ಮುಟ್ಟುವಷ್ಟರಲ್ಲಿ ಹದಿನೇಳು ವರ್ಷ ಕಳೆದಿದ್ದವು. ನಮಗೆ ಪಾಠ ಹೇಳಿದ ಹುಡುಗನ ವಯಸ್ಸು ನಮ್ಮ ಹಿರಿಯರ ವಯಸ್ಸಿನ ಅರ್ಧಕ್ಕಿಂತ ಕಡಿಮೆ. ಲೈನ್, ಟ್ರಿಮ್, ಆಫ್‌ಸೆಟ್, ಫಿಲೆಟ್, ಮಿರರ್ ಎಂಬ ಆಜ್ಞೆಗಳನ್ನು ಅವನು ಮಂತ್ರದ ಹಾಗೆ ಒಪ್ಪಿಸುತ್ತಿದ್ದ. ಅರ್ಧ ಚಿತ್ರ ಬರೆದು ಕನ್ನಡಿಯ ಹಾಗೆ ಉಳಿದರ್ಧವನ್ನು ಮೂಡಿಸಿದ ದಿನ ನಮಗಾದ ಬೆರಗನ್ನು ಈಗ ಹೇಳಿದರೆ ಯಾರೂ ನಂಬಲಾರರು. ಒಂದು ಮಧ್ಯಾಹ್ನದ ಕೆಲಸ ಕ್ಷಣದಲ್ಲಿ ಮುಗಿದಿತ್ತು. ಬ್ಲೇಡಿನ ಕೆಲಸವನ್ನು ಅಂಡೂ ಎಂಬ ಒಂದು ಗುಂಡಿ ಮಾಡುತ್ತಿತ್ತು.

ಹಿರಿಯರನ್ನು ಕಾಡಿದ್ದು ಬೇರೆಯದೇ. ಕಾಗದದ ಮೇಲೆ ನಾವು ವಸ್ತುವನ್ನು ಅರ್ಧಕ್ಕೋ ಐದನೆಯ ಒಂದು ಭಾಗಕ್ಕೋ ಇಳಿಸಿ ಬರೆಯುತ್ತಿದ್ದೆವು. ನಿಜವಾದ ಗಾತ್ರವೆಷ್ಟೆಂಬುದು ಸದಾ ಮನಸ್ಸಿನಲ್ಲಿರುತ್ತಿತ್ತು. ಕಂಪ್ಯೂಟರಿನಲ್ಲಿ ಎಲ್ಲವನ್ನೂ ಪೂರ್ಣ ಅಳತೆಯಲ್ಲೇ ಬರೆಯುವುದು. ಆದರೆ ತೆರೆಯ ಮೇಲೆ ಹಿಗ್ಗಿಸಿ ಕುಗ್ಗಿಸಿ ನೋಡುವಾಗ ಸಣ್ಣ ತಿರುಪೂ ಲೇತಿನ ಮೈಯೂ ಒಂದೇ ಗಾತ್ರದಲ್ಲಿ ಕಾಣುತ್ತವೆ. "ಇದರಾಗ ಸಣ್ಣದು ದೊಡ್ಡದು ಅನ್ನೋದೇ ಹೋತು" ಎಂದು ಅವರು ಗೊಣಗಿದರು. ಮರುದಿನ ಒಂದು ಎಂ6 ಬೋಲ್ಟನ್ನು ತಂದು ಮಾನಿಟರಿನ ಪಕ್ಕದಲ್ಲಿಟ್ಟರು. ಬರೆಯುವ ನಡುವೆ ಅದನ್ನು ಬೆರಳಿನಲ್ಲಿ ಹಿಡಿದು ನೋಡುತ್ತಿದ್ದರು. ನಾವು ನಕ್ಕೆವು.

ಮುಂದಿನ ಕೆಲವು ವರ್ಷಗಳಲ್ಲಿ ಮೂರು ಆಯಾಮದ ತಂತ್ರಾಂಶಗಳು ನಮ್ಮಂಥ ಸಣ್ಣ ಕಾರ್ಖಾನೆಗಳಿಗೂ ಬಂದವು. ಪ್ರೋ-ಇಂಜಿನಿಯರ್ 1980ರ ದಶಕದ ಕೊನೆಯಲ್ಲಿ ತೋರಿಸಿಕೊಟ್ಟ ದಾರಿಯನ್ನು 1995ರಲ್ಲಿ ಬಂದ ಸಾಲಿಡ್‌ವರ್ಕ್ಸ್ ಸಾಧಾರಣ ವಿಂಡೋಸ್ ಕಂಪ್ಯೂಟರಿಗೆ ಇಳಿಸಿತ್ತು. ಇಲ್ಲಿ ಗೆರೆ ಎಂದರೆ ಬರಿಯ ಗೆರೆಯಲ್ಲ. ಒಂದು ಆಕೃತಿಯನ್ನು ಬರೆದು ಅದಕ್ಕೆ ದಪ್ಪ ಕೊಟ್ಟರೆ ಘನವಾಗುತ್ತದೆ. ಅಕ್ಷದ ಸುತ್ತ ತಿರುಗಿಸಿದರೆ ಉರುಳೆಯಾಗುತ್ತದೆ. ಮಾಡಿದ ಪ್ರತಿಯೊಂದು ಹೆಜ್ಜೆಯೂ ಪಕ್ಕದ ಪಟ್ಟಿಯಲ್ಲಿ ವಂಶವೃಕ್ಷದಂತೆ ಉಳಿಯುತ್ತದೆ. ಮೇಲಿನ ಒಂದು ಅಳತೆಯನ್ನು ಬದಲಿಸಿದರೆ ಅದನ್ನು ಆಶ್ರಯಿಸಿದ ಮಕ್ಕಳು ಮೊಮ್ಮಕ್ಕಳೆಲ್ಲ ಬದಲಾಗುತ್ತವೆ. ಬಿಡಿಭಾಗಗಳನ್ನು ಜೋಡಿಸಿ, ಒಂದು ಇನ್ನೊಂದರೊಳಗೆ ನುಗ್ಗಿದೆಯೇ ಎಂದು ಕೇಳಿದರೆ ತಂತ್ರಾಂಶವೇ ಹೇಳುತ್ತದೆ.

ಈ ಕೊನೆಯ ಸೌಲಭ್ಯ ಮಾಲೀಕರಿಗೆ ಬಹಳ ಹಿಡಿಸಿತು. 2004ರಲ್ಲಿ ಹಿರಿಯರು ನಿವೃತ್ತರಾದಾಗ ಅವರ ಜಾಗಕ್ಕೆ ಯಾರನ್ನೂ ತೆಗೆದುಕೊಳ್ಳಲಿಲ್ಲ. ಪರಿಶೀಲನೆಯನ್ನು ಕಂಪ್ಯೂಟರೇ ಮಾಡುತ್ತದಲ್ಲ? ಹಾಳೆಯ ಮೂಲೆಯಲ್ಲಿ ಚೌಕಗಳು ಮೂರೇ ಉಳಿದವು; ಮೊದಲ ಎರಡರಲ್ಲೂ ಒಂದೇ ಹೆಸರು ಬರತೊಡಗಿತು. ನಾವು ಯಾರೂ ಆಕ್ಷೇಪಿಸಲಿಲ್ಲ. ನಿಜ ಹೇಳಬೇಕೆಂದರೆ, ಕೆಂಪು ಪೆನ್ಸಿಲಿನ ಕಾಟ ತಪ್ಪಿತೆಂದು ಹಗುರಾದೆವು.

ಮರುವರ್ಷ ಒಂದು ದೊಡ್ಡ ಫಿಕ್ಸ್ಚರ್ ಮಾಡಿದೆವು. ತೆರೆಯ ಮೇಲೆ ಅದು ಬಹಳ ಚೆನ್ನಾಗಿತ್ತು. ಬಣ್ಣ ಬಣ್ಣದ ಭಾಗಗಳು, ತಿರುಗಿಸಿದರೆ ಹೊಳೆಯುವ ಮೈ. ಘರ್ಷಣೆಯ ತಪಾಸಣೆಯಲ್ಲಿ ಸೊನ್ನೆ ದೋಷ. ಭಾಗಗಳೆಲ್ಲ ತಯಾರಾಗಿ ಜೋಡಣೆಯ ಮೇಜಿಗೆ ಬಂದ ದಿನ ಫಿಟ್ಟರು ನಮ್ಮನ್ನು ಕೆಳಗೆ ಕರೆಸಿದ. ನಾವು ಎಂ8 ಅಲನ್ ಬೋಲ್ಟುಗಳನ್ನು ತೋರಿಸಿದ್ದ ಜಾಗದ ಮೇಲೆ ಒಂದು ದಪ್ಪ ತಟ್ಟೆ ಚಾಚಿಕೊಂಡಿತ್ತು. ನಡುವಿನ ಎಡೆ 20 ಮಿಲಿಮೀಟರು. ಬೋಲ್ಟಿನ ಉದ್ದ ತಲೆಯೂ ಸೇರಿ 33. ಕೀಲಿ ತಿರುಗುವ ಮಾತಿರಲಿ, ಬೋಲ್ಟನ್ನು ರಂಧ್ರಕ್ಕೆ ಇಳಿಸುವುದೇ ಸಾಧ್ಯವಿರಲಿಲ್ಲ. ತಟ್ಟೆಯೂ ಕೆಳಗಿನ ಭಾಗವೂ ಒಂದೇ ತುಂಡಿನಲ್ಲಿದ್ದುದರಿಂದ ಕಳಚಿ ಹಾಕುವ ಉಪಾಯವೂ ಇರಲಿಲ್ಲ. ತೆರೆಯ ಮೇಲೆ ಬೋಲ್ಟು ಗಾಳಿಯಲ್ಲಿ ತೇಲಿ ಬಂದು, ಲೋಹವನ್ನು ಹಾದು, ತನ್ನ ಜಾಗದಲ್ಲಿ ಕೂತುಬಿಡುತ್ತದೆ. ಕೂತ ಮೇಲೆ ಅದು ಯಾವುದಕ್ಕೂ ತಾಗುವುದಿಲ್ಲ. ಹಾಗಾಗಿ ದೋಷ ಸೊನ್ನೆ. ಹೇಗೆ ಅಲ್ಲಿಗೆ ಬಂತೆಂದು ತಂತ್ರಾಂಶ ಕೇಳುವುದಿಲ್ಲ. ಫಿಟ್ಟರು ನಮ್ಮ ಕೈಗೆ ಬೋಲ್ಟನ್ನೂ ಕೀಲಿಯನ್ನೂ ಕೊಟ್ಟು, "ಆತಾ ತುಮ್ಹೀಚ್ ಲಾವಾ" ಎಂದ. ಈಗ ನೀವೇ ಹಾಕಿ, ಎಂದು. ಸುತ್ತ ನಿಂತವರು ಯಾರೂ ನಗಲಿಲ್ಲ. ಅದೇ ಹೆಚ್ಚು ನಾಚಿಕೆಯಾಯಿತು.

ಆ ಭಾಗವನ್ನು ಎರಡು ತುಂಡಾಗಿ ಹೊಸದಾಗಿ ಮಾಡಬೇಕಾಯಿತು. ಒಪ್ಪಿಸುವ ದಿನ ತಪ್ಪಿತು, ಮಾಲೀಕರು ಗಿರಾಕಿಯ ಮುಂದೆ ತಲೆ ತಗ್ಗಿಸಿದರು. ಮಾನಿಟರಿನ ಪಕ್ಕದ ಎಂ6 ಬೋಲ್ಟು ನಮಗೆ ಆಗ ನೆನಪಾಯಿತು. ಹುಡುಕಿದೆವು, ಮೇಜು ಒರೆಸುವಾಗ ಎಂದೋ ಯಾರೋ ಎಸೆದುಬಿಟ್ಟಿದ್ದರು.

ಇದಾದ ಏಳು ವರ್ಷಗಳಿಗೆ ನಾವು ಮೇಜಿನ ಇನ್ನೊಂದು ಬದಿಯಲ್ಲಿ ಕೂತಿದ್ದೆವು. ಹೊಸ ಹುಡುಗರನ್ನು ತೆಗೆದುಕೊಳ್ಳುವ ಸಂದರ್ಶನ. ಕಲಬುರಗಿಯಿಂದ ರಾತ್ರಿ ಬಸ್ಸು ಹಿಡಿದು ಬಂದಿದ್ದ ಒಬ್ಬ ಹುಡುಗ ಕನ್ನಡದವರೆಂದು ತಿಳಿದು ಮುಖ ಅರಳಿಸಿದ. ತಂದೆ ಸಾಲ ಮಾಡಿ ಕೋರ್ಸಿನ ಹಣ ಕಟ್ಟಿದ್ದರು. ಮೂರು ತಿಂಗಳ ಸರ್ಟಿಫಿಕೇಟು, ಜೊತೆಗೆ ಒಂದು ಸಿ.ಡಿ. ಅದರಲ್ಲಿ ಸ್ಕ್ರೂ ಜಾಕ್, ಪ್ಲಮರ್ ಬ್ಲಾಕ್, ಯೂನಿವರ್ಸಲ್ ಕಪ್ಲಿಂಗ್, ಕೊನೆಯಲ್ಲಿ ಒಂದು ಎಂಜಿನ್. ಅಂದು ಬೆಳಗ್ಗೆಯಿಂದ ಬಂದ ಎಲ್ಲರ ಸಿ.ಡಿ.ಯಲ್ಲೂ ಇದೇ ನಾಲ್ಕು ಇದ್ದವು. ಆದರೆ ಇವನ ಕೈ ನಿಜವಾಗಿಯೂ ಚುರುಕು. ನಾವು ಕೊಟ್ಟ ಆಕಾರವನ್ನು ನಮಗಿಂತ ಬೇಗ ಮೂಡಿಸಿದ. ಆಮೇಲೆ ಒಂದು ಪ್ರಶ್ನೆ ಕೇಳಿದೆವು. 25 ಮಿಲಿಮೀಟರಿನ ದಂಡ, 25 ಮಿಲಿಮೀಟರಿನ ರಂಧ್ರ. ದಂಡ ರಂಧ್ರದೊಳಗೆ ಸಲೀಸಾಗಿ ಜಾರಬೇಕು. ಡ್ರಾಯಿಂಗಿನಲ್ಲಿ ಏನು ಬರೆಯುತ್ತೀ?

"25 ಸರ್."

"ಎರಡಕ್ಕೂ?"

"ಹೌದು ಸರ್. ಮಾಡೆಲ್‌ನಲ್ಲಿ ಸರಿಯಾಗಿ ಕೂಡುತ್ತದೆ."

ಬರೆಯಬೇಕಾದದ್ದು, ಉದಾಹರಣೆಗೆ, ರಂಧ್ರಕ್ಕೆ ಎಚ್7, ದಂಡಕ್ಕೆ ಜಿ6. ಅಂದರೆ ರಂಧ್ರ 25ರಿಂದ 25.021ರ ತನಕ, ದಂಡ 24.980ರಿಂದ 24.993ರ ತನಕ ಎಷ್ಟಾದರೂ ಇರಬಹುದು. ಯಾವ ರಂಧ್ರವನ್ನು ಯಾವ ದಂಡಕ್ಕೆ ಕೂಡಿಸಿದರೂ ನಡುವೆ ಕನಿಷ್ಠ ಏಳು ಮೈಕ್ರಾನಿನ ಎಡೆ ಉಳಿಯುತ್ತದೆ. ಲೋಕದಲ್ಲಿ ಯಾವ ಯಂತ್ರವೂ ಕರಾರುವಾಕ್ಕಾಗಿ 25ನ್ನು ಕತ್ತರಿಸಲಾರದು. ಎಷ್ಟು ತಪ್ಪಿದರೆ ಪರವಾಗಿಲ್ಲ ಎಂದು ಮೊದಲೇ ಹೇಳಿಡುವುದೇ ವಿನ್ಯಾಸಕಾರನ ಕೆಲಸ. ಇದನ್ನು ಅವನಿಗೆ ವಿವರಿಸಿದೆವು. ಗಮನವಿಟ್ಟು ಕೇಳಿಸಿಕೊಂಡ. ನಂತರ, ಅಣಕವಿಲ್ಲದೆ, ತಿಳಿಯಬೇಕೆಂದೇ ಕೇಳಿದ: "ಸರ್, ಇದನ್ನ ಯಾವ ಕೋರ್ಸಿನ್ಯಾಗ ಹೇಳಿಕೊಡ್ತಾರ್ರಿ?"

ನಮ್ಮಲ್ಲಿ ಉತ್ತರವಿರಲಿಲ್ಲ. ಕಾಲೇಜಿನ ಪಠ್ಯದಲ್ಲಿ ಇದೆ. ಅಂಕಗಳಿಗಾಗಿ ಬಂದು ಹೋಗುತ್ತದೆ. ತರಬೇತಿ ಕೇಂದ್ರದ ಕ್ರಮದಲ್ಲಿ ಸ್ಕೆಚ್, ಬಿಡಿಭಾಗ, ಜೋಡಣೆ, ತಗಡಿನ ಕೆಲಸ, ಮೇಲ್ಮೈ ಎಲ್ಲ ಮುಗಿದು ಕಡೆಯ ವಾರದಲ್ಲಿ ಡ್ರಾಯಿಂಗ್ ಬರುತ್ತದೆ, ಸಮಯವಿದ್ದರೆ. ಅವನು ತಪ್ಪು ಮಾಡಿರಲಿಲ್ಲ. ನಾವು ಹಳೆಯ ಹಲಗೆಯ ಮುಂದೆ ಪುಕ್ಕಟೆ ಪಡೆದದ್ದನ್ನು ಅವನಿಗೆ ಕೊಡುವವರು ಯಾರೂ ಇರಲಿಲ್ಲ. ನಾವು ಅದೇ ಮೇಜಿನಲ್ಲಿ ಕೂತಿದ್ದೆವು, ಕೊಡಬಹುದಿತ್ತು. ಆದರೆ ಅಂದು ಅನುಭವವಿದ್ದ ಇನ್ನೊಬ್ಬನನ್ನು ತೆಗೆದುಕೊಂಡು ಇವನನ್ನು ಊರಿಗೆ ಕಳಿಸಿದೆವು. ಫೋನ್ ನಂಬರನ್ನೂ ಬರೆದಿಟ್ಟುಕೊಳ್ಳಲಿಲ್ಲ.

ಆ ಪ್ರಶ್ನೆಯನ್ನು ನಿಗಡಿಯಲ್ಲಿ ನೆಲೆಸಿದ್ದ ಹಿರಿಯರಿಗೆ ಹೇಳಿದೆವು. ಅವರು ಬಹಳ ಹೊತ್ತು ಸುಮ್ಮನಿದ್ದು, "ಭಾನುವಾರ ಯಾರರ ಇದ್ರ ಕರಕೊಂಡು ಬರ್ರಿ" ಎಂದರು. ಹಾಗೆ ಶುರುವಾದದ್ದು. ಅವರ ಮನೆಯ ಜಗುಲಿಯಲ್ಲಿ ಮೂವರೋ ನಾಲ್ವರೋ ಹುಡುಗರು, ಕೆಲವೊಮ್ಮೆ ಹುಡುಗಿಯರು. ಒಂದು ವರ್ನಿಯರ್, ಒಂದು ಮೈಕ್ರೋಮೀಟರ್, ಹಳೆಯ ಬೇರಿಂಗುಗಳು. ನಮ್ಮ ಆ ಕೆಟ್ಟ ಫಿಕ್ಸ್ಚರಿನ ತುಂಡನ್ನೂ ಕಾರ್ಖಾನೆಯಿಂದ ಕೇಳಿ ತಂದಿಟ್ಟೆವು. ಬಂದವರ ಕೈಗೆ ಮೊದಲು ಬೋಲ್ಟನ್ನು ಕೊಟ್ಟು ಹಾಕಲು ಹೇಳುವುದು ಪದ್ಧತಿಯಾಯಿತು.

ಕನ್ನಡದಲ್ಲಿ ಹೇಳುವಾಗ ನಮಗೇ ಕೆಲವು ಹೊಳೆದವು. ಕ್ಲಿಯರೆನ್ಸ್ ಫಿಟ್ ಎಂದಾಗ ಬಾಯಿಪಾಠ ಒಪ್ಪಿಸುತ್ತಿದ್ದವರು, ಬಂಡಿಯ ಅಚ್ಚಿನ ಮೇಲೆ ಗಾಲಿ ತಿರುಗಲು ಎಡೆ ಬೇಕು, ಆ ಎಡೆಯಲ್ಲಿ ಎಣ್ಣೆ ನಿಲ್ಲಬೇಕು ಎಂದರೆ ಒಡನೆ ಹಿಡಿಯುತ್ತಿದ್ದರು. ಕಮ್ಮಾರ ಕಬ್ಬಿಣದ ಪಟ್ಟಿಯನ್ನು ಗಾಲಿಗಿಂತ ತುಸು ಚಿಕ್ಕದಾಗಿ ಮಾಡಿ, ಕಾಯಿಸಿ ಹಿಗ್ಗಿಸಿ, ತೊಡಿಸಿ ನೀರು ಹೊಯ್ಯುವುದನ್ನು ಅಜ್ಜನ ಬಾಯಲ್ಲಿ ಕೇಳಿದವರಿಗೆ ಬಿಗಿ ಜೋಡಣೆಯನ್ನು ಬೇರೆ ಹೇಳಬೇಕಾಗಿರಲಿಲ್ಲ. ಜಿ6 ಎಂಬ ಸಂಕೇತ ಆಮೇಲೆ ಕಲಿಯುವಂಥದು.

ಎಲ್ಲರಿಗೂ ಕೆಲಸ ಸಿಕ್ಕಿತೆಂದು ಹೇಳಲಾರೆವು. ಹಲವರು ಎರಡು ಭಾನುವಾರ ಬಂದು ನಿಲ್ಲಿಸಿದರು. ಹಿರಿಯರು ತೀರಿಕೊಂಡು ಈಗ ಮೂರು ವರ್ಷವಾಯಿತು. ಜಗುಲಿ ಬದಲಾಗಿದೆ, ಕೂಟ ಸಣ್ಣದಾಗಿ ನಡೆದಿದೆ.

ಇನ್ನು ಫೋನಿನಲ್ಲಿ ಕೇಳುವವರಿಗೆ ನಾವು ಕೊಡುವ ಉತ್ತರ. ತಂತ್ರಾಂಶ ಯಾವುದಾದರೂ ಆಗಲಿ. ಒಂದನ್ನು ಸರಿಯಾಗಿ ಕಲಿತವರು ಇನ್ನೊಂದನ್ನು ತಡವಿಲ್ಲದೆ ಕಲಿಯಬಲ್ಲರು. ಹಣ ಕಟ್ಟುವ ಮೊದಲು ಕೇಂದ್ರದಲ್ಲಿ ಮೂರು ಮಾತು ಕೇಳಿ. ಡ್ರಾಯಿಂಗಿಗೂ ಟಾಲರೆನ್ಸಿಗೂ ಎಷ್ಟು ದಿನ ಕೊಡುತ್ತೀರಿ? ನಮ್ಮ ಹುಡುಗ ಮಾಡಿದ್ದನ್ನು ತಿದ್ದುವವರು ಯಾರು, ಅವರು ಯಂತ್ರದ ಮುಂದೆ ನಿಂತವರೇ? ಮಾಡಿದ ಒಂದು ಭಾಗವನ್ನಾದರೂ ಲೋಹದಲ್ಲಿ ನೋಡುವ ಅವಕಾಶ ಇದೆಯೇ? ಎರಡು ವರ್ಷಕ್ಕೂ ಮೇಲ್ಪಟ್ಟು ಓದುವ ಅನುಕೂಲವಿದ್ದವರು ಉಪಕರಣಾಗಾರದ ತರಬೇತಿಯನ್ನು ಯೋಚಿಸಬಹುದು. 1968ರಿಂದ ಇರುವ ಹೈದರಾಬಾದಿನ ಕೇಂದ್ರೀಯ ಉಪಕರಣ ವಿನ್ಯಾಸ ಸಂಸ್ಥೆ, 1972ರಲ್ಲಿ ಬೆಂಗಳೂರಿನಲ್ಲಿ ಶುರುವಾಗಿ ನಮ್ಮ ಜಿಲ್ಲೆಗಳಿಗೂ ಹಬ್ಬಿರುವ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ ಇಂಥವು. ಅಲ್ಲಿ ವಿನ್ಯಾಸವನ್ನೂ ಯಂತ್ರವನ್ನೂ ಜೊತೆಗೆ ಕಲಿಸುತ್ತಾರೆ.

ಈಗಾಗಲೇ ಸರ್ಟಿಫಿಕೇಟು ಕೈಯಲ್ಲಿದ್ದು ಪುಣೆಯಲ್ಲಿ ಕೆಲಸ ಹುಡುಕುತ್ತಿರುವವರು ಭಾನುವಾರ ಬರಬಹುದು. ತಾವು ಬರೆದ ಒಂದು ಡ್ರಾಯಿಂಗನ್ನು ತರಬೇಕು. ಅದನ್ನು ಬಂದವರಲ್ಲೇ ಇನ್ನೊಬ್ಬರು ಹಳದಿ ಮತ್ತು ಕೆಂಪು ಪೆನ್ಸಿಲು ಹಿಡಿದು ನೋಡಿ, ಎರಡನೆಯ ಚೌಕದಲ್ಲಿ ಸಹಿ ಹಾಕುತ್ತಾರೆ. ಕಲಬುರಗಿಯ ಆ ಹುಡುಗನಿಗೆ ಈಗ ಮೂವತ್ತು ದಾಟಿರಬೇಕು. ಅವನನ್ನು ಬಲ್ಲವರು ಯಾರಾದರೂ ಇದನ್ನು ಓದಿದರೆ, ಅವನು ಕೇಳಿದ್ದು ನಮಗೆ ನೆನಪಿದೆಯೆಂದು ಹೇಳಿ.