ಗರಿಯ ಮೇಲೆ ನಿಲ್ಲದ ಹನಿ

ಸಿಂಧನೂರು, 21 ಸೆಪ್ಟೆಂಬರ್ 2024, ಶನಿವಾರ ರಾತ್ರಿ

ಅಪ್ಪನ ಫೋನು. ಭತ್ತದ ಬೆಂಕಿ ರೋಗಕ್ಕೆ ಎಣ್ಣಿ, ಅಂದರೆ ಔಷಧಿ, ಹೊಡೆದು ಐದು ದಿನವಾಯಿತು, ಗರಿಯ ಮೇಲೆ ಹೊಸ ಚುಕ್ಕೆ ಬರುತ್ತಲೇ ಇವೆ. "ಡೂಪ್ಲಿಕೇಟ್ ಕೊಟ್ಟಾನ ಅಂಗಡ್ಯಾಂವ" ಎನ್ನುತ್ತಾನೆ. ಹೋದ ತಿಂಗಳು ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಚಿಹೋದಾಗ ವಾರವಿಡೀ ನಿದ್ದೆಗೆಟ್ಟಿದ್ದ. ಹೇಗೋ ನೀರು ಉಳಿಯಿತು. ಈಗ ಇದು. ಔಷಧಿ ಗರಿಗೆ ಅಂಟಲು ಗಂ ಕಲಸಿದ್ದೆಯಾ ಎಂದೆ. ಅದಕ್ಕೊಂದು ಖರ್ಚು ಯಾಕೆ ಅಂದ. ನಾನು ದನಿ ಏರಿಸಬಾರದಿತ್ತು.

22, ಭಾನುವಾರ, ಗದ್ದೆಯ ಬದು

ಬೊಗಸೆಯಿಂದ ನೀರು ಬಿಟ್ಟೆ. ಹರಡಲಿಲ್ಲ. ಹನಿ ಗೋಲಿಯಂತೆ ದುಂಡಗೆ ಕೂತಿತು, ಅಡಿಯಲ್ಲಿ ಬೆಳ್ಳಿಯ ಹೊಳಪು. ಆ ಹೊಳಪು ಗಾಳಿಯದು. ಹನಿಗೂ ಎಲೆಗೂ ನಡುವೆ ಸಿಕ್ಕಿಕೊಂಡ ಗಾಳಿ. ಬೆರಳಿಂದ ಮೆಲ್ಲಗೆ ತಟ್ಟಿದರೆ ನರದಗುಂಟ ಉರುಳಿ ಕೆಸರಿಗೆ ಬಿತ್ತು. ಉರುಳಿದ ದಾರಿ ಒಣಗಿಯೇ ಇತ್ತು. ಇಪ್ಪತ್ತು ಸಲ ಮಾಡಿದೆ. ಅಪ್ಪ ದೂರದಿಂದ ನೋಡುತ್ತಿದ್ದ, ಏನೂ ಕೇಳಲಿಲ್ಲ. ಹತ್ತು ಗರಿ ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು ಬಂದೆ.

24, ಮಂಗಳವಾರ, ಲ್ಯಾಬು

ಮೊದಲು ಬರೀ ನೀರಿನ ಲೆಕ್ಕ ಕೂಡಬೇಕು. ಲೋಮನಾಳದ ತ್ರಿಜ್ಯ ಕಾಲು ಮಿಲಿಮೀಟರ್. ನೀರು ಏರಿದ್ದು 4.3 ಸೆಂ.ಮೀ. ಮೇಲ್ಮೈ ಎಳೆತ ಮೀಟರಿಗೆ 52 ಮಿಲಿನ್ಯೂಟನ್ ಬರುತ್ತದೆ. 30 ಡಿಗ್ರಿಯಲ್ಲಿ 71 ಇರಬೇಕು. ಇನ್ನೊಮ್ಮೆ. 52. ಮತ್ತೊಮ್ಮೆ. 52.

ಆಮೇಲೆ ಹೊಳೆಯಿತು. ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿದ ಕೈಯಲ್ಲೇ ನನ್ನ ವಿದ್ಯಾರ್ಥಿಗಳು ನಾಳ ಹಿಡಿಯುತ್ತಾರೆ. ಆ್ಯಸಿಡ್‌ನಲ್ಲಿ ತೊಳೆದು ಡಿಸ್ಟಿಲ್ಡ್ ವಾಟರಿನಲ್ಲಿ ಜಾಲಿಸಿದೆ. 5.8 ಸೆಂ.ಮೀ. ಸರಿಯಾಯಿತು.

ಇಷ್ಟು ವರ್ಷ 52 ಬರೆದವರ ರೆಕಾರ್ಡಿನ ಮೇಲೆ ಕೆಂಪು ಗೆರೆ ಎಳೆದಿದ್ದೇನೆ. ಅವರು ಕಂಡದ್ದನ್ನೇ ಬರೆದಿದ್ದರು.

27, ಶುಕ್ರವಾರ, ರಾತ್ರಿ 11

ಗರಿಯನ್ನು ಗಾಜಿನ ಪಟ್ಟಿಗೆ ಅಂಟಿಸಿ, ಹನಿ ಬಿಟ್ಟು, ಪಕ್ಕದಿಂದ ಮೊಬೈಲಿನಲ್ಲಿ ಫೋಟೋ. ಹನಿಯ ಅಂಚು ಎಲೆಯನ್ನು ಮುಟ್ಟುವಲ್ಲಿ ಕೋನಮಾಪಕ. ತೊಳೆದ ಗಾಜಿನ ಮೇಲೆ 24 ಡಿಗ್ರಿ. ಎಳೆ ಗರಿ 150. ಹಳದಿ ತಿರುಗಿದ ಗರಿ 131. ಒಂದೇ ಗರಿಯ ಬುಡಕ್ಕೂ ತುದಿಗೂ ಆರೇಳು ಡಿಗ್ರಿ ವ್ಯತ್ಯಾಸ. ಯಾವುದನ್ನು ನಂಬಲಿ?

ಥಾಮಸ್ ಯಂಗ್ 1805ರಲ್ಲಿ ಈ ಕೋನದ ನಿಯಮವನ್ನು ಸೂತ್ರ ಬರೆಯದೆ ಮಾತಿನಲ್ಲೇ ಹೇಳಿದ. ಅದರಿಂದ ಮುಂದೆ ಹೋಗಿ ಹಿಡಿತದ ಲೆಕ್ಕ ಹಾಕಿದೆ: ನೀರನ್ನು ಎಳೆ ಗರಿಯಿಂದ ಬಿಡಿಸಲು ಚದರ ಮೀಟರಿಗೆ ಸುಮಾರು 9.5 ಮಿಲಿಜೂಲ್ ಸಾಕು. ಗಾಜಿನಿಂದ ಬಿಡಿಸಲು 136 ಬೇಕು.

ಮಲಗಲಾಗುತ್ತಿಲ್ಲ. ಬೆಂಕಿ ರೋಗದ ಶಿಲೀಂಧ್ರದ ಬೀಜಕಣ ತನ್ನ ತುದಿಯಿಂದ ಗೋಂದು ಬಿಟ್ಟು ಇದೇ ಗರಿಗೆ ಅಂಟಿಕೊಳ್ಳುತ್ತದೆ. ಟೆಫ್ಲಾನಿಗೂ ಅಂಟುತ್ತದೆ ಎಂದು 1988ರಲ್ಲೇ ತೋರಿಸಿದ್ದಾರೆ. ರೋಗ ಹಿಡಿದುಕೊಳ್ಳುತ್ತದೆ, ಔಷಧಿ ಉರುಳಿಹೋಗುತ್ತದೆ.

29, ಭಾನುವಾರ, ಮಸ್ಕಿ

ಬಸ್ಸಿಗೆ ಒಂದು ತಾಸು ಇತ್ತು. ಅಶೋಕನ ಶಾಸನದ ಗುಡ್ಡಕ್ಕೆ ಹೋದೆ. 1915ರಲ್ಲಿ ಇದನ್ನು ಕಂಡ ಬೀಡನ್ ಚಿನ್ನದ ಗಣಿಯ ಎಂಜಿನಿಯರು. ದೇವಾನಾಂಪ್ರಿಯ ಎಂಬವನು ಅಶೋಕನೇ ಎಂದು ಖಚಿತವಾದದ್ದು ಇಲ್ಲಿಂದ. ಶಾಸನದ ಬಂಡೆ ಮುಟ್ಟಲಿಲ್ಲ. ಕೆಳಗೆ ಬಿದ್ದ ಬೇರೊಂದು ಕಲ್ಲಿನ ಮೇಲೆ ಬಾಟಲಿಯಿಂದ ಹನಿ ಬಿಟ್ಟೆ. ಒರಟು ಕಲ್ಲು, ಹನಿ ಕ್ಷಣದಲ್ಲಿ ಅಂಗೈಯಗಲ ಹರಡಿತು. ಭತ್ತದ ಗರಿಯೂ ಒರಟೇ, ಅಲ್ಲಿ ಗುಂಡಗಾಗುತ್ತದೆ. ವೆಂಜೆಲ್ 1936ರಲ್ಲಿ ಹೇಳಿದ್ದು ಇದನ್ನೇ: ನೀರನ್ನು ಒಲ್ಲೆನೆನ್ನುವ ಮೈ ಒರಟಾದರೆ ಇನ್ನಷ್ಟು ಒಲ್ಲೆನೆನ್ನುತ್ತದೆ, ಬೇಕೆನ್ನುವ ಮೈ ಇನ್ನಷ್ಟು ಬೇಕೆನ್ನುತ್ತದೆ. ಇಪ್ಪತ್ತು ಸಲ ಪಾಠ ಮಾಡಿದ್ದೇನೆ. ಕಣ್ಣಾರೆ ಕಂಡದ್ದು ಇವತ್ತು.

2 ಅಕ್ಟೋಬರ್, ಬುಧವಾರ, ಹಟ್ಟಿ

ರಜೆ. ಲಿಂಗಸುಗೂರಿನಲ್ಲಿ ಬಸ್ಸು ಬದಲಿಸಿ ಹಟ್ಟಿಯ ಮಾವನ ಮನೆ. ಗಣಿಯಲ್ಲಿ ದುಡಿದ ಮನುಷ್ಯ, ಈಗ ಉಸಿರು ಎಳೆದು ಮಾತಾಡುತ್ತಾನೆ. ಈಗೆಲ್ಲ ಸೈನೈಡು, ಹಿಂದಿನ ಕಾಲದ ಗಣಿಗಳಲ್ಲಿ ಪಾದರಸ ಅಂದ. ಪಾದರಸದ ಮೇಲ್ಮೈ ಎಳೆತ ನೀರಿನದರ ಸುಮಾರು ಏಳು ಪಟ್ಟು. ಗಾಜನ್ನು ಮುಟ್ಟಲೂ ಒಲ್ಲದು, 140 ಡಿಗ್ರಿ. ಅದೇ ಪಾದರಸ ಚಿನ್ನ ಕಂಡರೆ ಹರಡಿ ತಬ್ಬಿಕೊಳ್ಳುತ್ತದೆ. ಹಾಗಾದರೆ ತಪ್ಪು ಹನಿಯದೂ ಅಲ್ಲ, ಎಲೆಯದೂ ಅಲ್ಲ. ಎರಡರ ನಡುವಿನದು.

ಅಪ್ಪನೂ ನಾನೂ ಹತ್ತು ದಿನದಿಂದ ಸರಿಯಾಗಿ ಮಾತಾಡಿಲ್ಲ.

5, ಶನಿವಾರ

ರೇಷ್ಮೆ ಸೀರೆ ತೊಳೆಯಲು ಅವ್ವ ಇಟ್ಟಿದ್ದ ಅಂಟುವಾಳಕಾಯಿ ರಾತ್ರಿ ನೆನೆಹಾಕಿ ಸೋಸಿದೆ. 5 ಮಿ.ಲೀ.ಗೆ ಬರೀ ನೀರು 100 ಹನಿ, ಅಂಟುವಾಳದ ನೀರು 168. ಹನಿ ಸಣ್ಣದಾಯಿತು ಅಂದರೆ ಎಳೆತ ಇಳಿಯಿತು: 42. ಎಳೆ ಗರಿಯ ಮೇಲೆ ಕೋನ 112. ಹಿಡಿತ 26 ಮಿಲಿಜೂಲ್, ಮೂರು ಪಟ್ಟಿಗೆ ಸ್ವಲ್ಪ ಕಡಿಮೆ. ನೀರು ತನ್ನನ್ನು ತಾನು ಬಿಗಿಹಿಡಿಯುವುದು ಸಡಿಲಾದಷ್ಟೂ ಎಲೆಯನ್ನು ಹಿಡಿಯಿತು. ಖುಷಿಗೆ ಲ್ಯಾಬಿನ ಕಿಟಕಿ ತೆರೆದು ಸುಮ್ಮನೆ ನಿಂತಿದ್ದೆ.

ಇನ್ನೂ ಗಟ್ಟಿ ಕಲಸಿ ನೋಡಿದೆ. ತೆಳ್ಳಗೆ ಹರಡಿ ಗರಿಯಂಚಿನಿಂದ ಸೋರಿಹೋಯಿತು. ಅತಿಯಾದರೂ ನಿಲ್ಲದು.

6, ಭಾನುವಾರ, ಊರು

ಒಂದು ಮಡಿಗೆ ಅಂಟುವಾಳ ಕಲಸಿ, ಇನ್ನೊಂದಕ್ಕೆ ಕಲಸದೆ, ಅದೇ ಎಣ್ಣಿ. ಅಪ್ಪ ಒಪ್ಪಿದ. ಹೊಡೆಯುತ್ತ ಕೇಳಿದ: "ಜಿಗಿಹುಳ ಬುಡದಾಗ ಇರ್ತಾವ. ಅದಕ್ಕ ಹೊಡದಾಗ ಹನಿ ಗರಿಮ್ಯಾಲ ನಿಂತ್ರ ಬುಡಕ್ಕ ಹೆಂಗ ಇಳೀತದ?" ನನ್ನಲ್ಲಿ ಉತ್ತರವಿರಲಿಲ್ಲ. ನಲವತ್ತು ವರ್ಷ ಗದ್ದೆಯಲ್ಲಿ ಬಗ್ಗಿ ನೋಡಿದವನ ಪ್ರಶ್ನೆ. ಎಲೆಯ ರೋಗಕ್ಕೆ ಬೇಕಾದದ್ದು ಬುಡದ ಹುಳಕ್ಕೆ ಬೇಡದಿರಬಹುದು.

12, ಶನಿವಾರ, ದಸರಾ

ಬನ್ನಿ ಕೊಡಲು ಹೊರಡುವ ಮೊದಲು ಇಬ್ಬರೂ ಗದ್ದೆಗೆ ಇಳಿದೆವು. ನೂರು ನೂರು ಗರಿ ಎಣಿಸಿದೆವು. ಅಂಟುವಾಳದ ಮಡಿಯಲ್ಲಿ ಹೊಸ ಚುಕ್ಕೆ ಬಿದ್ದ ಗರಿ 11, ಬರೀ ಎಣ್ಣಿಯ ಮಡಿಯಲ್ಲಿ 19. ಅಂಗಡಿಯವನದು ಡೂಪ್ಲಿಕೇಟ್ ಅಲ್ಲ ಎಂದು ಇದರಿಂದ ಹೇಳಲಾಗದು. ಒಂದೇ ಸಲದ ಎಣಿಕೆ. ಬರೀ ಎಣ್ಣಿಯ ಮಡಿಗೆ ಮರದ ನೆರಳೂ ಇದೆ.

ಅಪ್ಪ ತನ್ನ ಎಣಿಕೆಯನ್ನು ಬೀಡಿ ಕಟ್ಟಿನ ಕಾಗದದ ಹಿಂದೆ ಬರೆದುಕೊಂಡಿದ್ದ. 11, 19. ನನ್ನದಕ್ಕೆ ತಾಳೆಯಾಯಿತು.