ಅಂಚಿನ ಬರಹವೂ ಉಳಿಯಲಿ

ಗ್ರಂಥವೊಂದು ಕೈಯಿಂದ ಕೈಗೆ ಸಾಗುವಾಗ ಅದರೊಡನೆ ಎರಡು ಸಂಗತಿಗಳು ಹೋಗಬೇಕು. ಒಂದು ಪಾಠ, ಇನ್ನೊಂದು ಆ ಪಾಠವು ಹೀಗೇಕೆ ಇದೆಯೆಂಬ ವಿಚಾರ. ಮಠದಲ್ಲಿ ಓಲೆಗರಿಯ ಕಟ್ಟುಗಳನ್ನು ಬಿಚ್ಚಿ ಪಾಠ ಹೋಲಿಸುತ್ತಿದ್ದ ದಿನಗಳಲ್ಲಿ ನಾನು ಕಂಡುದಿಷ್ಟು: ಪ್ರತಿ ಮಾಡುವವನು ಪಾಠವನ್ನು ಶ್ರದ್ಧೆಯಿಂದ ಇಳಿಸಿಕೊಳ್ಳುತ್ತಾನೆ, ಅಂಚಿನಲ್ಲಿ ಹಿಂದಿನವನು ಬರೆದ ಟಿಪ್ಪಣಿಯನ್ನು ಬಿಟ್ಟುಬಿಡುತ್ತಾನೆ. ಕಾಲಾಂತರದಲ್ಲಿ ಪಾಠ ಉಳಿಯುತ್ತದೆ, ಕಾರಣ ಅಳಿಯುತ್ತದೆ.

ನನ್ನ ತಮ್ಮನ ಮಗನು ಬೆಂಗಳೂರಿನಲ್ಲಿ ಇಂಜಿನಿಯರು. ಬಿಡುವಿನ ವೇಳೆಯಲ್ಲಿ, ತಂತ್ರಾಂಶಗಳ ಮೂಲಬರಹವನ್ನು ಸಂಗ್ರಹಿಸಿಡುವ ಒಂದು ಮುಕ್ತ ಯೋಜನೆಗೆ ಸಂಬಳವಿಲ್ಲದೆ ದುಡಿಯುತ್ತಾನೆ. ಹುಲಿಕೆರೆಗೆ ಬಂದಿದ್ದಾಗ ಕೇಳಿದನು: “ದೊಡ್ಡಪ್ಪಾ, ಮುಂದೆ ಏನೇನು ಸೇರಿಸಬೇಕೆಂದು ಪಟ್ಟಿ ಮಾಡುತ್ತಿದ್ದೇವೆ. ಬೇಡಿಕೆಗಳು ನೂರೆಂಟು, ಮಾಡುವ ಕೈ ಕಡಿಮೆ. ನೀವಾದರೆ ಯಾವುದನ್ನು ಮೊದಲು ಎತ್ತಿಕೊಳ್ಳುತ್ತಿದ್ದಿರಿ?”

ಅವನು ತಿಳಿಸಿದುದನ್ನು ಓದುಗರಿಗೂ ತಿಳಿಸುವೆನು. 2005ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಅವರು ‘ಗಿಟ್’ ಎಂಬ ಸಾಧನವನ್ನು ರಚಿಸಿದರು. ಯಾರು, ಯಾವಾಗ, ಯಾವ ಸಾಲನ್ನು ತಿದ್ದಿದರೆಂಬ ಚರಿತ್ರೆಯೆಲ್ಲವನ್ನೂ ಅದು ಕಾಪಾಡುತ್ತದೆ. ಪೂರ್ಣ ಪ್ರತಿ ಪಡೆದ ಪ್ರತಿಯೊಬ್ಬರಲ್ಲಿಯೂ ಆ ಚರಿತ್ರೆಯಿರುತ್ತದೆ. ಇಂಥ ಬರಹಗಳಿಗೆ ಆಶ್ರಯ ನೀಡುವ ‘ಗಿಟ್‌ಹಬ್’ 2008ರಲ್ಲಿ ಆರಂಭವಾಯಿತು. ಇಲ್ಲಿ ದೋಷ ತೋರಿಸುವವರು, ತಿದ್ದುಪಡಿ ಸೂಚಿಸುವವರು, ಒಪ್ಪುವವರು, ಒಪ್ಪದವರು ಸೇರಿ ಚರ್ಚಿಸುತ್ತಾರೆ. ಆದರೆ ಈ ಚರ್ಚೆ ಗಿಟ್‌ನ ಪ್ರತಿಯೊಳಗೆ ಇರುವುದಿಲ್ಲ. ಆಶ್ರಯ ಕೊಟ್ಟ ಸಂಸ್ಥೆಯ ಭಂಡಾರದಲ್ಲಿರುತ್ತದೆ. ನಮ್ಮ ಅಂಚಿನ ಬರಹದ ಗತಿಯೇ ಇದಕ್ಕೂ!

ಆಶ್ರಯಗಳು ಶಾಶ್ವತವಲ್ಲ. ಗಿಟೋರಿಯಸ್ 2015ರಲ್ಲಿ ಮುಚ್ಚಿತು. ಗೂಗಲ್ ಕೋಡ್ 2016ರಲ್ಲಿ ಬಾಗಿಲು ಹಾಕಿತು; ಹಳೆಯ ಸಾಮಗ್ರಿಯನ್ನು ಓದಲು ಉಳಿಸಿದರೂ ಅಲ್ಲಿ ಚರ್ಚೆ ಮುಂದುವರಿಸುವಂತಿರಲಿಲ್ಲ. ಗಿಟ್‌ಹಬ್ ಅನ್ನು 2018ರಲ್ಲಿ ಮೈಕ್ರೋಸಾಫ್ಟ್ ಕೊಂಡಿತು. ಬರ್ಲಿನ್ನಿನ ಲಾಭರಹಿತ ಸಂಘವೊಂದು ‘ಕೋಡ್‌ಬರ್ಗ್’ ಎಂಬ ಆಶ್ರಯವನ್ನು ನಡೆಸುತ್ತಿದೆ. 2022ರ ಕೊನೆಯಲ್ಲಿ ಹುಟ್ಟಿದ ‘ಫೋರ್ಜೆಜೋ’ ಯೋಜನೆಯವರಂತೂ, ಒಂದು ಆಶ್ರಯದಲ್ಲಿರುವವನು ಇನ್ನೊಂದರವರೊಡನೆ ಅಂಚೆಯಲ್ಲಿ ಪತ್ರ ಕಳಿಸಿದಂತೆ ವ್ಯವಹರಿಸುವ ಅನುಕೂಲವನ್ನು ತಮ್ಮ ಗುರಿಗಳಲ್ಲಿ ಸೇರಿಸಿದ್ದಾರೆ.

“ಹಾಗಾದರೆ ಚರ್ಚೆಯನ್ನೂ ಇಡಿಯಾಗಿ ಕೊಂಡೊಯ್ದು ಬೇರೆಡೆ ಓದುವಂತೆ ಮಾಡುವುದೇ ಮೊದಲ ಕೆಲಸ” ಎಂದೆನು. ಅವನು ಒಪ್ಪಲಿಲ್ಲ. “ಅದು ಯಾರ ಕಣ್ಣಿಗೂ ಬೀಳದ ಕೆಲಸ, ದೊಡ್ಡಪ್ಪಾ. ಹೊಸ ಸೌಕರ್ಯ ಕಾಣದಿದ್ದರೆ ಜನ ಬರುವುದಿಲ್ಲ, ಜನ ಬಾರದಿದ್ದರೆ ಯೋಜನೆಯೇ ಸೊರಗುತ್ತದೆ” ಎಂದನು. ಈ ಮಾತಿನಲ್ಲಿಯೂ ಸತ್ಯವಿದೆ. ನಮ್ಮೂರಿನ ಹೊಯ್ಸಳರ ಕಾಲದ ಕಲ್ಯಾಣಿಯಲ್ಲಿ ನೋಡಲು ಬಂದವರ ಕಣ್ಣು ಸೆಳೆಯುವುದು ಸುತ್ತಲಿನ ಚಿಕ್ಕ ಗುಡಿಗಳು. ಕೆಳಗಿನ ಮೆಟ್ಟಿಲುಗಳು ನೀರು ತುಂಬಿದಾಗ ಕಾಣವು; ನೀರಿಳಿದ ವರ್ಷ ಕೊಡ ಹಿಡಿದು ಬಂದವರಿಗೆ ಅವೇ ದಿಕ್ಕು. ಕಟ್ಟಿದವರು ಎರಡನ್ನೂ ಕಟ್ಟಿದರು. ಆದ್ದರಿಂದ ಪ್ರತಿ ಪಟ್ಟಿಯಲ್ಲಿಯೂ ಕಾಣುವ ಕೆಲಸವೊಂದಿದ್ದರೆ ಕಾಣದ ಕೆಲಸವೊಂದು ಇರಲಿ ಎಂಬಲ್ಲಿಗೆ ನಮ್ಮಿಬ್ಬರ ಮಾತು ನಿಂತಿತು.

ಇದು ಇಂಜಿನಿಯರುಗಳಿಗಷ್ಟೇ ಸಂಬಂಧಿಸಿದ ಮಾತಲ್ಲ. ಸಮಗ್ರ ವಚನ ಸಂಪುಟಗಳು 1993ರಲ್ಲಿ 15 ಸಂಪುಟಗಳಾಗಿ ಬಂದವು. ವಚನಗಳು ಈಗ ಗಣಕಯಂತ್ರದೊಳಗೂ ಇವೆ. ನಾಳೆ ಯಾರಾದರೂ ಅಲ್ಲಿ ಒಂದಕ್ಷರ ತಿದ್ದಿದರೆ, ಏಕೆ ತಿದ್ದಿದರೆಂಬುದೂ ಅದರೊಡನೆ ಉಳಿಯಬೇಕು. ಇಲ್ಲವಾದರೆ ಮುಂದಿನವನು ಅದನ್ನೇ ತಪ್ಪೆಂದು ಬಗೆದು ಮತ್ತೆ ತಿದ್ದುವನು. ಮಕ್ಕಳು ಇಂಥ ಕೆಲಸದಲ್ಲಿರುವ ಮನೆಗಳಲ್ಲಿ ಹಿರಿಯರು ಈ ಪ್ರಶ್ನೆಯನ್ನು ಒಮ್ಮೆ ಕೇಳಿ ನೋಡಲಿ.